ನರ್ಸಮ್ಮ ತೆಗೆದುಕೊಳ್ಳದ ರೊಟ್ಟಿ

ನರ್ಸಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮಣ್ಣು ಮಾಡಿದ ದಿನ ಬಂಗಾರಪೇಟೆಯ ಚರ್ಚು ಸಭೆಯವರು ಅವರ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದರು. ಆ ಮಾತೆಲ್ಲ ನಿಜ. ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಅವರು ಕೂದಲು ಕಪ್ಪಗಿದ್ದಾಗ ಸೇರಿ ಬೆಳ್ಳಗಾದ ಮೇಲೆ ಬಿಟ್ಟರು. ಜ್ವರ ಬಂದರೂ ಭಾನುವಾರ ಚರ್ಚು ತಪ್ಪಿಸಲಿಲ್ಲ. ಪೀಠದ ಮೇಲಿನ ಬಟ್ಟೆಯನ್ನು ತಾವೇ ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದರು. ಆದರೆ ಸಭೆಯವರು ಅಂದು ಒಂದು ವಿಷಯವನ್ನು ಮಾತ್ರ ಬಾಯಿಗೆ ತರಲಿಲ್ಲ. ಅವರ ಚರ್ಚಿನಲ್ಲಿ ತಿಂಗಳಿಗೊಂದು ಭಾನುವಾರ ಪ್ರಭುಭೋಜನ ಇರುತ್ತದೆ. ಎಲ್ಲರೂ ಎದ್ದು ಮುಂದೆ ಹೋಗಿ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಂಡು ಬರುತ್ತಾರೆ. ನರ್ಸಮ್ಮ ಇಪ್ಪತ್ತು ವರ್ಷ ಎದ್ದು ಹೋಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತೇ ಇರುತ್ತಿದ್ದರು.

ಯಾಕೆಂದು ನನಗೆ ಗೊತ್ತಿತ್ತು. ನನ್ನ ಯಜಮಾನರಿಗೂ ಗೊತ್ತಿತ್ತು. ಯಜಮಾನರು ಹೋದ ಸುಗ್ಗಿಯಲ್ಲಿ ತೀರಿಕೊಂಡರು. ಈಗ ಬರೆದರೆ ಯಾರ ಕೆಲಸವೂ ಹೋಗುವುದಿಲ್ಲ.

ನಾನು ಕ್ಯಾಸಂಬಳ್ಳಿ ಕಡೆಯ ಒಕ್ಕಲುಮನೆಯ ಹೆಣ್ಣು. ಅಕ್ಷರ ಕಲಿತದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ನರ್ಸಮ್ಮನಿಂದ. ವಾರ್ಡಿನ ಪುಸ್ತಕದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಅನಿಸಿದ್ದನ್ನು ಬರೆಯಬಾರದು ಎಂದು ಅವರು ಹೇಳಿಕೊಟ್ಟಿದ್ದರು. ಇದನ್ನೂ ಹಾಗೆಯೇ ಬರೆಯಲು ನೋಡುತ್ತೇನೆ.

ನರ್ಸಮ್ಮ ತಮಿಳು ಸೀಮೆಯವರು. ಧಾತು ವರ್ಷದ ಬರದಲ್ಲಿ ತಂದೆ ತಾಯಿ ಸತ್ತು, ಮಿಷನ್ನಿನ ಅನಾಥಾಲಯದಲ್ಲಿ ಬೆಳೆದವರು. ತಾಯಿಯ ಮುಖ ನೆನಪಿಲ್ಲ ಎನ್ನುತ್ತಿದ್ದರು. ಮದುವೆಯಾಗಲಿಲ್ಲ. ನಾವು ಗಣಿಯ ಲೈನಿನಲ್ಲಿ, ಅಂದರೆ ಕೂಲಿಗಳ ಸಾಲುಮನೆಯಲ್ಲಿ, ಸಂಸಾರ ಹೂಡುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಮೊದಲ ಮಹಾಯುದ್ಧ ಮುಗಿದಿತ್ತು.

ಅವರದೊಂದು ಪದ್ಧತಿ ಇತ್ತು. ಗಣಿಯ ಒಳಗೆ ಯಾರಾದರೂ ಸತ್ತರೆ ಆ ಸುದ್ದಿಯನ್ನು ಪ್ಯೂನನ ಕೈಲಿ ಹೇಳಿ ಕಳಿಸುತ್ತಿರಲಿಲ್ಲ. ಹೆಣವನ್ನು ತಾವೇ ತೊಳೆದು, ಬಟ್ಟೆ ಸುತ್ತಿ, ಸತ್ತವನ ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡು ಅವನ ಮನೆಗೆ ತಾವೇ ನಡೆದು ಬರುತ್ತಿದ್ದರು. ಬಿಲ್ಲೆ ಎಂದರೆ ಹಿತ್ತಾಳೆಯ ಒಂದು ದುಂಡು ತಗಡು, ಅದರ ಮೇಲೆ ನಂಬರು. ಕೆಳಗಿಳಿಯುವವನು ಟೈಮ್ ಆಫೀಸಿನಲ್ಲಿ ಅದನ್ನು ತೋರಿಸಿ ಇಳಿಯಬೇಕು. ಒಳಗೆ ಮುಖ ಗುರುತು ಸಿಗದಂತಾದರೂ ನಂಬರಿನಿಂದ ಹೆಸರು ಸಿಗುತ್ತಿತ್ತು. ನರ್ಸಮ್ಮನ ಕರಿ ಕೊಡೆ ವಾರದ ದಿನದಲ್ಲಿ ಲೈನಿನ ತಿರುವಿನಲ್ಲಿ ಕಂಡರೆ ಹೆಂಗಸರು ಕೊಳಾಯಿಯ ಹತ್ತಿರ ಬಿಂದಿಗೆ ಬಿಟ್ಟು ನಿಲ್ಲುತ್ತಿದ್ದರು. ಯಾವ ಬಾಗಿಲು ದಾಟಿತು, ಯಾವ ಬಾಗಿಲಲ್ಲಿ ನಿಂತಿತು ಎಂದು ನೋಡುತ್ತಿದ್ದರು. ಭಾನುವಾರ ಅದೇ ಕೊಡೆ ಹಿಡಿದು ಚರ್ಚಿಗೆ ಹೊರಟಾಗ ಮಾತ್ರ ತಮಾಷೆ ಮಾಡುವ ಧೈರ್ಯ ಬರುತ್ತಿತ್ತು.

“ಇವತ್ತು ಯಾರ ಮನೆಗೆ ನರ್ಸಮ್ಮಾ?”

“ದೇವ್ರ ಮನೆಗೆ. ನೀವೂ ಬನ್ನಿ, ಅಲ್ಲಿ ನನ್ನ ಕೊಡೆ ಕಂಡು ಯಾರೂ ಬಿಂದಿಗೆ ಬಿಡಲ್ಲ.”

ನಮ್ಮ ಮನೆಯಲ್ಲಿ ಮೂವರಿದ್ದೆವು. ನಾನು, ಯಜಮಾನರು, ಅವರ ತಮ್ಮ. ಯಜಮಾನರು ಗಣಿಯೊಳಗೆ ಇಳಿಯುತ್ತಿದ್ದರು. ಮೈದುನ ಮೇಲೆ ಕಲ್ಲು ಸಾಗಿಸುವ ಕಡೆ ದಿನಗೂಲಿ. ಮಾವ ಇರಲಿಲ್ಲ. ಅತ್ತೆ ಊರಿನಲ್ಲಿ ಇದ್ದ ಎರಡು ತುಂಡು ಹೊಲ ನೋಡಿಕೊಂಡಿದ್ದರು. ಆ ವರ್ಷ ಮೈದುನನಿಗೆ ಹೆಣ್ಣು ಗೊತ್ತಾಗುವ ಹಾಗಿತ್ತು. ಹೆಣ್ಣಿನ ಕಡೆಯವರು ಮಾತಿಗೆ ಬರುತ್ತೇವೆಂದು ಹೇಳಿ ಕಳಿಸಿದರು. ತಂದೆಯಿಲ್ಲದ ಮನೆ, ಅಣ್ಣನೇ ಕೂತು ಮಾತಾಡಬೇಕು. ರಜ ಕೇಳಿದರೆ ಕೊಡಲಿಲ್ಲ. ಗೈರುಹಾಜರಿ ಬೀಳಬಾರದೆಂದು ಯಜಮಾನರು ತಮ್ಮ ಬಿಲ್ಲೆಯನ್ನು ಮೈದುನನಿಗೆ ಕೊಟ್ಟು ಊರಿಗೆ ಹೋದರು. ಹೀಗೆ ಬಿಲ್ಲೆ ಬದಲಾಯಿಸುವುದು ಲೈನಿನಲ್ಲಿ ಹೊಸದೇನೂ ಅಲ್ಲ. ಅಣ್ಣತಮ್ಮಂದಿರು ಮೊದಲೂ ಒಮ್ಮೆ ಮಾಡಿದ್ದರು.

ಬೆಳಿಗ್ಗೆ ಬುತ್ತಿ ಕಟ್ಟುವಾಗ ಮೈದುನ ಒಲೆಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ.

“ಇವತ್ತು ನಾನೇ ನಮ್ಮಣ್ಣ ಕಣತ್ತಿಗೆ. ಅವ್ನಿಗೆ ಕಟ್ಟೋ ಅಂಗೆ ಎಲ್ಡು ಮುದ್ದೆ ಕಟ್ಟು, ಒಂದ್ರಲ್ಲಿ ತಳ್ಳಬ್ಯಾಡ.”

ಅಣ್ಣನಾದರೆ ಸಾಯಂಕಾಲ ಬಂದು ಸೌದೆಯನ್ನೂ ನೀನೇ ಒಡೆಯಬೇಕು ಎಂದೆ. ಅದಕ್ಕೆ ಅವನು ಸಾಯಂಕಾಲ ಮತ್ತೆ ತಮ್ಮನಾಗುತ್ತೇನೆ ಎಂದ. ಎರಡು ಮುದ್ದೆಯನ್ನೇ ಕಟ್ಟಿದೆ.

ಹೊತ್ತು ನೆತ್ತಿಗೆ ಬರುವ ಮುಂಚೆ ನೆಲ ಒಮ್ಮೆ ಅದುರಿತು. ಗೂಡಿನಲ್ಲಿದ್ದ ಲೋಟ ಕೆಳಗೆ ಬಿತ್ತು. ಒಳಗೆ ಬಂಡೆ ಸಿಡಿದಾಗ ಹಾಗೆ ಆಗುತ್ತದೆ. ಲೋಟ ಎತ್ತಿಟ್ಟು ಬಾಗಿಲಿಗೆ ಬಂದು ನಿಂತೆ. ಊಟದ ಹೊತ್ತು ಕಳೆದ ಮೇಲೆ ಕೊಡೆ ಬಂತು. ಕೊಳಾಯಿ ದಾಟಿತು. ನಮ್ಮ ಎಡಗಡೆಯ ಮನೆ ದಾಟಿತು. ನಮ್ಮ ಬಾಗಿಲಲ್ಲಿ ಮಡಚಿಕೊಂಡಿತು.

ನರ್ಸಮ್ಮ ಹಿಂದೆ ಬಂದಿದ್ದ ಹೆಂಗಸರಿಗೆ ಕೊಳಾಯಿಯ ಹತ್ತಿರವೇ ಇರಿ ಎಂದು ಹೇಳಿ, ಬಾಗಿಲನ್ನು ಅರ್ಧ ಮುಂದೆ ಮಾಡಿ, ನೆಲದ ಮೇಲೆ ಕೂತರು. ನನ್ನನ್ನೂ ಕೂರಿಸಿ ಮಣಿಕಟ್ಟು ಹಿಡಿದರು. ಸುದ್ದಿ ಹೇಳುವಾಗ ಅವರು ನಾಡಿ ಹಿಡಿದುಕೊಂಡೇ ಹೇಳುತ್ತಿದ್ದರು. ಎದೆ ನಿಂತುಹೋದ ಹೆಂಗಸೊಬ್ಬಳನ್ನು ಹಿಂದೆ ನೋಡಿದ್ದರಂತೆ. ಬಂಡೆ ಬಿತ್ತಮ್ಮಾ, ನಿನ್ನ ಯಜಮಾನರು ಉಳಿಯಲಿಲ್ಲ ಎಂದರು. ಮುಖ ನೋಡಬೇಡ, ಇದ್ದಾಗಿನ ಮುಖವೇ ಇರಲಿ ಎಂದರು. ಇನ್ನೊಂದು ಕೈಯನ್ನು ಬಿಚ್ಚಿ ಬಿಲ್ಲೆ ತೋರಿಸಿದರು. ತೊಳೆದಿದ್ದರು. ಒದ್ದೆಯಾಗಿತ್ತು.

“ಅದು ಅವ್ರಲ್ಲ,” ಎಂದೆ.

“ಏನಮ್ಮಾ?”

“ಬಿಲ್ಲೆ ಅವ್ರದು. ಇಳ್ದಿದ್ದು ಮೈದ್ನ.”

ಅವರು ನನ್ನ ಮಣಿಕಟ್ಟು ಬಿಡಲಿಲ್ಲ. ಆ ಗಳಿಗೆಯಲ್ಲಿ ನನ್ನ ನಾಡಿ ಒಂದು ಏಟೂ ಹೆಚ್ಚಾಗಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಹೇಳಿದರು. ಯಜಮಾನರು ಎಲ್ಲಿ ಎಂದು ಕೇಳಿದರು. ಊರಿನಲ್ಲಿ ಎಂದೆ. ಮತ್ತೆ ಯಾರಿಗೆ ಗೊತ್ತು ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ಬಿಲ್ಲೆ ಬದಲಾಯಿಸಿದ್ದು ಗೊತ್ತಾದರೆ ಯಾವ ಗಣಿಯಲ್ಲೂ ಕೆಲಸ ಸಿಗುವುದಿಲ್ಲ. ಅದರ ಜೊತೆಗೆ ಒಂದು ಸಾವೂ ಸೇರಿದರೆ ಪೊಲೀಸರು ಬರುತ್ತಾರೆ. ಇದು ಇಬ್ಬರಿಗೂ ಗೊತ್ತಿತ್ತು.

“ಈಗ ಹೊರಗೆ ಹೋಗಿ ನಾನು ಯಾರ ಹೆಸರು ಹೇಳ್ಲಮ್ಮಾ?”

ನಿಜವನ್ನೇ ಹೇಳಿ ಎನ್ನಬಹುದಿತ್ತು. ಸುಳ್ಳು ಹೇಳಿ ಎಂದು ಬೇಡಿಕೊಳ್ಳಲೂಬಹುದಿತ್ತು. ಬೇಡಿಕೊಂಡಿದ್ದರೆ ಪಾಪ ನನ್ನದಾಗುತ್ತಿತ್ತು. ನಾನು ಎರಡನ್ನೂ ಮಾಡಲಿಲ್ಲ.

“ನಿಮ್ಗೆ ತೋಚಿದ್ದು ಹೇಳಿ ನರ್ಸಮ್ಮಾ,” ಎಂದೆ.

ಅವರು ಎದ್ದು ಬಾಗಿಲಿಗೆ ಹೋಗಿ ಹೆಂಗಸರಿಗೆ ನನ್ನ ಯಜಮಾನರ ಹೆಸರು ಹೇಳಿದರು.

ಅಂದೇ ಸಂಜೆಯೊಳಗೆ ಮಣ್ಣು ಮಾಡಿದರು, ಇಡುವ ಹಾಗಿರಲಿಲ್ಲ. ತಮ್ಮ ಊರಿಗೆ ಹೋಗಿದ್ದಾನೆ ಎಂದೂ ನರ್ಸಮ್ಮನೇ ಹೇಳಿದ್ದರು. ಲೈನಿನ ಮುದುಕಿಯರು ನನ್ನನ್ನು ಕೊಳಾಯಿಯ ಕಟ್ಟೆಗೆ ಕರೆದುಕೊಂಡು ಹೋಗಿ ಬಳೆ ಒಡೆದು, ಕುಂಕುಮ ಒರೆಸಿ, ತಾಳಿ ಬಿಚ್ಚಿದರು. ಬಳೆ ಒಡೆಯುವಾಗ ಎಡಗೈಗೆ ಗಾಯವಾಯಿತು. ಯಜಮಾನರು ಬದುಕಿದ್ದಾರೆ, ಈಗ ಊರಿನಲ್ಲಿ ಹೆಣ್ಣಿನ ಕಡೆಯವರಿಗೆ ಊಟ ಬಡಿಸುತ್ತಿರಬಹುದು ಎಂದು ಯೋಚನೆ ಬಂತು. ಅಳು ಬರಲಿಲ್ಲ. ಪಾಪ, ಕಲ್ಲಾಗಿಬಿಟ್ಟಿದ್ದಾಳೆ ಎಂದು ಯಾರೋ ತಮಿಳಿನಲ್ಲಿ ಅಂದರು. ನರ್ಸಮ್ಮ ಅಷ್ಟು ಹೊತ್ತಿಗೆ ಆಸ್ಪತ್ರೆಯ ಪುಸ್ತಕದಲ್ಲಿ ಸತ್ತವನ ಹೆಸರೆಂದು ಯಜಮಾನರ ಹೆಸರನ್ನೇ ಬರೆದು, ಜಟಕಾ ಮಾಡಿಕೊಂಡು ನಮ್ಮೂರಿಗೆ ಹೋಗಿದ್ದರು. ಅತ್ತೆಗೂ ಯಜಮಾನರಿಗೂ ಸುದ್ದಿ ಹೇಳಿ, ಯಜಮಾನರಿಗೆ ಗಣಿಯ ಕಡೆ ಬರಬೇಡಿ ಎಂದು ಹೇಳಿದವರೂ ಅವರೇ.

ಊರಿನಲ್ಲಿ ಮೈದುನನ ತಿಥಿ ಮೈದುನನ ಹೆಸರಿನಲ್ಲೇ ಆಯಿತು. ಊರಿನವರಿಗೆ ಗೊತ್ತು, ಗಣಿಯವರಿಗೆ ಗೊತ್ತಿಲ್ಲ. ನಡುವೆ ಎಂಟು ಮೈಲಿ. ಊರಿನವರು ಯಾರೂ ಬಾಯಿ ಬಿಡಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಯಜಮಾನರು ಗುರುತಿನವರಿಲ್ಲದ ಇನ್ನೊಂದು ತುದಿಯ ಗಣಿಗೆ ಹೋಗಿ ತಮ್ಮನ ಹೆಸರು ಹೇಳಿ ಸೇರಿಕೊಂಡರು. ಅಲ್ಲಿಂದ ಮುಂದೆ ಅವರನ್ನು ಎಲ್ಲರೂ ಆ ಹೆಸರಿನಿಂದಲೇ ಕರೆದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮೈದುನನ ಹೆಸರನ್ನು ಮೊದಲು ದಿನಕ್ಕೆ ಹತ್ತು ಸಲ ಕೂಗುತ್ತಿದ್ದೆ. ಅದು ಗಂಡನ ಹೆಸರಾದ ಮೇಲೆ ಅದನ್ನೂ ಹೇಳುವ ಹಾಗಿರಲಿಲ್ಲ. ಸತ್ತವನನ್ನು ಹೆಸರು ಹಿಡಿದು ನೆನೆಸಲು ನನಗೆ ಆಗಲೇ ಇಲ್ಲ.

ನರ್ಸಮ್ಮ ನನ್ನನ್ನು ಆಸ್ಪತ್ರೆಗೆ ಆಯಾ ಮಾಡಿಸಿ ತಮ್ಮ ಜೊತೆಯಲ್ಲೇ ಇಟ್ಟುಕೊಂಡರು. ಅಲ್ಲಿ ನಾನು ವಿಧವೆ. ಬರಿಗೈ, ಬರಿಹಣೆ. ತಿಂಗಳಿಗೆ ಎರಡು ದಿನ ಊರಿಗೆ ಹೋಗುವಾಗ ಕೆರೆಯ ಏರಿಯ ಮೇಲೆ ಕೂತು ಬಳೆ ತೊಟ್ಟು, ತಾಳಿ ಹಾಕಿ, ಕುಂಕುಮ ಇಟ್ಟುಕೊಳ್ಳುತ್ತಿದ್ದೆ. ಬರುವಾಗ ಅಲ್ಲೇ ತೆಗೆಯುತ್ತಿದ್ದೆ. ಅತ್ತೆ ಜಗುಲಿಯಿಂದಲೇ ನೋಡಿ ಅನ್ನುತ್ತಿದ್ದರು:

“ಬಂದ್ಲು ನೋಡು, ಆಸ್ಪತ್ರೇಲಿ ಮುಂಡೆ, ಅಟ್ಟೀಲಿ ಮುತ್ತೈದೆ.”

ಮಕ್ಕಳಾಗಲಿಲ್ಲ. ಅದೇ ಒಳ್ಳೆಯದಾಯಿತು ಎಂದೂ ಅತ್ತೆಯೇ ಹೇಳಿದರು. ಅವರ ಮೇಲೆ ನನಗೆ ಕೋಪ ಬರುತ್ತಿರಲಿಲ್ಲ. ಆ ವರ್ಷಗಳಲ್ಲಿ ಯಾವುದರ ಮೇಲೂ ಏನೂ ಬರುತ್ತಿರಲಿಲ್ಲ. ಬ್ಯಾಂಡೇಜು ಕುದಿಸುತ್ತಿದ್ದೆ, ಸುತ್ತುತ್ತಿದ್ದೆ, ಎಣಿಸಿ ಇಡುತ್ತಿದ್ದೆ.

ನರ್ಸಮ್ಮ ಪ್ರಭುಭೋಜನಕ್ಕೆ ಏಳುವುದಿಲ್ಲ ಎಂದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ. ಚರ್ಚಿನ ಹೆಂಗಸೊಬ್ಬರು ಹೆರಿಗೆಗೆ ಬಂದವರು, ನಿಮ್ಮ ನರ್ಸಮ್ಮನಿಗೆ ಏನಾಗಿದೆ ಎಂದು ನನ್ನನ್ನೇ ಕೇಳಿದರು. ನಾನು ಹೋಗಿ ನರ್ಸಮ್ಮನನ್ನು ಕೇಳಿದೆ. ಅವರು ಸೂಜಿಗಳನ್ನು ಒರೆಸುತ್ತಿದ್ದರು. ಬೇಕೆಂದೇ ಸುಳ್ಳು ಬರೆದು, ಅದನ್ನು ಸರಿಮಾಡದೆ, ಅದೇ ಕೈಚಾಚಿ ಆ ರೊಟ್ಟಿ ತೆಗೆದುಕೊಳ್ಳಲು ತಮಗಾಗುವುದಿಲ್ಲ ಎಂದರು. ಹಾಗಾದರೆ ಪಾದ್ರಿಗಳಿಗೆ ಹೇಳಿ ಮುಗಿಸಿಬಿಡಿ ಎಂದೆ. ಅವರ ಸಭೆಯಲ್ಲಿ ಇಂಥದ್ದನ್ನು ಪಾದ್ರಿ ಒಬ್ಬರಿಗೇ ಹೇಳಿ ಬಿಡುವ ಹಾಗಿಲ್ಲವಂತೆ. ಸಭೆಯ ಹಿರಿಯರ ಮುಂದೆಯೂ ಹೇಳಬೇಕು, ತಪ್ಪು ಬರೆದ ಕಡೆ ತಿದ್ದಿಸಬೇಕು. ಹಿರಿಯರಲ್ಲಿ ಮುಖ್ಯರಾದವರು ಟೈಮ್ ಆಫೀಸಿನಲ್ಲಿ ಗುಮಾಸ್ತರು.

“ನನ್ನ ಸುಳ್ಳು ಒಂದೇ ಆಗಿದ್ರೆ ಅವತ್ತೇ ಹೇಳಿಬಿಡ್ತಿದ್ದೆ. ಅದ್ರೊಳಗೆ ನಿಮ್ಮ ಅನ್ನ ಇದ್ಯಲ್ಲಮ್ಮಾ.”

ಮತ್ತೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಲಸ ಬಿಟ್ಟ ಮೇಲೆ ಅವರು ಬಂಗಾರಪೇಟೆಗೆ ಬಂದು ರೈಲ್ವೆ ಗೇಟಿನ ಹತ್ತಿರ ಎರಡು ಕೋಣೆಯ ಮನೆ ಹಿಡಿದರು. ನಾನೂ ಜೊತೆಗೆ ಬಂದೆ. ಅಲ್ಲಿಯ ಚರ್ಚು ಚಿಕ್ಕದು. ಪಾದ್ರಿಗಳು ಗಣಿಯ ಕಡೆಯಿಂದ ತಿಂಗಳಿಗೊಮ್ಮೆ ರೈಲಿನಲ್ಲಿ ಬರುತ್ತಿದ್ದರು, ಆ ಗುಮಾಸ್ತರೂ ಜೊತೆಗೆ ಬರುತ್ತಿದ್ದರು. ಹಾಗಾಗಿ ಬಂಗಾರಪೇಟೆಯಲ್ಲೂ ನಾನು ಬರಿಗೈಯಲ್ಲೇ ಇದ್ದೆ. ಪ್ರಭುಭೋಜನಕ್ಕೆ ರೊಟ್ಟಿ ಸಿದ್ಧಮಾಡುವ ಕೆಲಸವನ್ನು ನರ್ಸಮ್ಮ ತಾವೇ ಕೇಳಿ ವಹಿಸಿಕೊಂಡರು. ಶನಿವಾರ ಸ್ಟೇಷನ್ನಿನ ಹತ್ತಿರದ ಬೇಕರಿಯಿಂದ ಒಂದು ರೊಟ್ಟಿ ತರಿಸಿ, ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಸುತ್ತಲಿನ ಕಂದು ಅಂಚನ್ನು ತೆಗೆದು, ಒಳಗಿನ ಬಿಳಿಯನ್ನು ಕಡಲೆ ಗಾತ್ರಕ್ಕೆ ಕತ್ತರಿಸಿ ಬಟ್ಟೆ ಮುಚ್ಚಿಡುತ್ತಿದ್ದರು. ಅಂಚನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಪ್ರಾರ್ಥನೆ ಆಗುವ ಮುಂಚೆ ಅದು ಬರೀ ರೊಟ್ಟಿ, ತಿನ್ನಬಹುದು ಎಂದು ನನಗೆ ಹೇಳಿದ್ದರು.

ಕೊನೆಯ ವರ್ಷ ಕಾಲು ಊದಿಕೊಂಡಿತು. ಆಮೇಲೆ ಹೊಟ್ಟೆ. ಮಲಗಿದರೆ ಉಸಿರಾಡಲಾಗದೆ ದಿಂಬು ಒರಗಿಸಿ ಕೂರಿಸಬೇಕಾಗಿತ್ತು. ಡಾಕ್ಟರು ಏನು ಹೇಳುತ್ತಾರೆಂದು ಅವರಿಗೆ ಡಾಕ್ಟರಿಗಿಂತ ಮುಂಚೆ ಗೊತ್ತಿತ್ತು. ಹೆಚ್ಚೆಂದರೆ ಒಂದು ತಿಂಗಳು ಎಂದು ಅವರೇ ನನಗೆ ಹೇಳಿದರು. ಅದಾದ ಎರಡು ದಿನಕ್ಕೆ, ನಾನು ಕಾಲು ಒತ್ತುತ್ತಿದ್ದಾಗ, ಒಂದು ಮಾತು ಕೇಳಲೇ ಎಂದರು.

“ಪಾದ್ರಿ ಅಯ್ಯನಿಗೆ ಹೇಳ್ಲಾಮ್ಮಾ? ಒಂದು ಸಲ ತೊಗೊಂಡು ಹೋಗ್ಬೇಕು ಅಂತ ಆಸೆ. ನಿನ್ನ ಯಜಮಾನ್ರನ್ನ ಕೇಳ್ಕೊಂಡು ಬಾ. ಬೇಡ ಅಂದ್ರೆ ಬೇಡ.”

ಇಪ್ಪತ್ತು ವರ್ಷದಲ್ಲಿ ಅವರು ನಮ್ಮಿಂದ ಕೇಳಿದ್ದು ಅದೊಂದೇ.

ಮರುದಿನ ಬೆಳಗಿನ ರೈಲಿಗೆ ಹೋದೆ. ಯಜಮಾನರು ಒಬ್ಬರೇ ಇದ್ದ ಲೈನಿನ ಮನೆಗೆ ನಾನು ಹೋಗುತ್ತಿದ್ದದ್ದು ಕಡಿಮೆ. ಅತ್ತಿಗೆ ಎಂದು ಹೇಳಿಕೊಂಡು ಹೋಗುತ್ತಿದ್ದೆ. ಪಾಳಿ ಮುಗಿಸಿ ಬಂದು ಮೈ ತೊಳೆದು ಕೂತಿದ್ದರು. ಕೆಲಸದಿಂದ ನಿವೃತ್ತಿಯಾಗಲು ಎಂಟು ತಿಂಗಳಿತ್ತು. ನರ್ಸಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಅವರು ಮುದ್ದೆ ಉಂಡು ಮುಗಿಸಿದರು. ಕೈ ತೊಳೆದು ಬಂದು ಬಾಗಿಲು ಮುಂದೆ ಮಾಡಿದರು.

“ಇನ್ನ ಎಂಟು ತಿಂಗ್ಳೈತೆ.”

“ಅಷ್ಟು ದಿನ ಇರಾಕಿಲ್ಲ ಅವ್ರು.”

“ನನ್ನ ಎಸ್ರಲ್ಲಿ ಅವ್ನು ಸತ್ತ. ಅವ್ನ ಎಸ್ರಲ್ಲಿ ನಾನು ಇಪ್ಪತ್ತು ವರ್ಷ ಇಳ್ದಿದೀನಿ. ಈಗ ಅದನ್ನೂ ಕಿತ್ಕೊಂಡು ಓಡ್ಸಿದ್ರೆ ಯಾವ ಎಸ್ರು ಇಟ್ಕೊಂಡು ಊರಿಗೆ ಓಗ್ಲಿ?”

ನಾನು ತಟ್ಟೆ ತೆಗೆದಿಟ್ಟೆ. ಮತ್ತೆ ಅವರೇ ಮಾತಾಡಿದರು. ಅವರ ಕಣ್ಣು ನೆಲದ ಮೇಲಿತ್ತು.

“ಬ್ಯಾಡ ಅನ್ನು. ನನ್ ಬದ್ಲಿ ಅವ್ರ ಕಾಲ್ ಇಡ್ಕೊಂಡು ಬ್ಯಾಡ ಅನ್ನು.”

ಹಿಂದಿರುಗುವ ರೈಲಿನಲ್ಲಿ ಜಾಗ ಸಿಕ್ಕಿತು. ನಂದಿದುರ್ಗ ಗಣಿಯ ಪುಡಿಗಲ್ಲಿನ ಬೂದು ದಿಬ್ಬಗಳಿಂದ ದೂಳು ಎದ್ದಿತ್ತು, ಕಿಟಕಿ ಮುಚ್ಚಿದೆ. ಯಜಮಾನರು ಒಪ್ಪಿದರು ಎಂದು ಹೇಳಿಬಿಡಬಹುದೆಂದು ಯೋಚಿಸಿದೆ. ಹೇಳಿದರೆ ನರ್ಸಮ್ಮ ಭಾನುವಾರ ತಮ್ಮ ಮಾತು ಒಪ್ಪಿಸಿ ರೊಟ್ಟಿ ತೆಗೆದುಕೊಳ್ಳುತ್ತಾರೆ. ಸೋಮವಾರ ಗುಮಾಸ್ತರಿಂದ ಟೈಮ್ ಆಫೀಸಿಗೆ ಗೊತ್ತಾಗುತ್ತದೆ, ಯಜಮಾನರ ಕೆಲಸ ಹೋಗುತ್ತದೆ. ಎರಡನ್ನೂ ತೂಗಿ ನೋಡಿದೆ. ಬಂಗಾರಪೇಟೆ ಬರುವ ತನಕ ಯಾವುದೂ ಯಾವ ಕಡೆಗೂ ಬಾಗಲಿಲ್ಲ.

ಮನೆಗೆ ಬಂದು ಅವರ ಕಾಲು ಹಿಡಿದುಕೊಂಡೆ. ಊದಿದ ಕಾಲಿನಲ್ಲಿ ನನ್ನ ಬೆರಳಿನ ಗುರುತು ಕುಳಿಯಾಗಿ ನಿಂತಿತು. ಯಜಮಾನರು ಹೇಳಿದ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ನರ್ಸಮ್ಮ ಕೇಳಿಸಿಕೊಂಡರು.

“ಸರಿಯಮ್ಮಾ. ಕೇಳಿದ್ದು ನನ್ನ ತಪ್ಪು. ಅವ್ರಿಗೆ ಎಷ್ಟು ಹೆದರಿಕೆ ಆಯ್ತೋ.”

ಆಮೇಲೆ ಜಡೆ ಸಿಕ್ಕಾಗಿದೆ, ಬಾಚು ಎಂದರು. ಬಾಚಿದೆ.

ಆ ಶನಿವಾರ ಅವರು ದಿಂಬಿಗೆ ಒರಗಿ ನೋಡುತ್ತಿದ್ದ ಹಾಗೆ ರೊಟ್ಟಿಯನ್ನು ನಾನೇ ಕತ್ತರಿಸಿದೆ. ಇಷ್ಟು ದಪ್ಪ ಬೇಡ ಎಂದು ಎರಡು ಸಲ ತಿದ್ದಿದರು. ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಗಳು ಮನೆಗೆ ಬಂದರು. ಅವರ ಹಿಂದೆ ಆ ಗುಮಾಸ್ತರು, ಕೈಯಲ್ಲಿ ರೊಟ್ಟಿಯ ಪೆಟ್ಟಿಗೆ. ನಾನು ಗೋಡೆಗೆ ಸೇರಿ ನಿಂತೆ. ಪಾದ್ರಿಗಳು ಹಾಸಿಗೆಯ ಪಕ್ಕ ಬಗ್ಗಿ, ಇವತ್ತಾದರೂ ತೆಗೆದುಕೊಳ್ಳುತ್ತೀರಾ ಅಮ್ಮ ಎಂದು ಮೆಲ್ಲಗೆ ಕೇಳಿದರು. ನರ್ಸಮ್ಮ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಎಚ್ಚರವಹಿಸಿದರು ಎಂದು ನನಗೆ ತಿಳಿಯಿತು. ಪೆಟ್ಟಿಗೆಯನ್ನು ನೋಡಿ, ಬೇಡ ಅಯ್ಯ, ಪ್ರಾರ್ಥನೆ ಮಾತ್ರ ಮಾಡಿ ಎಂದರು. ಪಾದ್ರಿಗಳು ಪ್ರಾರ್ಥನೆ ಮಾಡಿದರು. ಗುಮಾಸ್ತರು ಪೆಟ್ಟಿಗೆ ಮುಚ್ಚಿದರು.

ಹತ್ತು ದಿನಕ್ಕೆ, ಮಧ್ಯಾಹ್ನ ಗಂಜಿ ಕುಡಿಸುವಾಗ, ಎರಡನೆಯ ಚಮಚ ಒಳಗೆ ಹೋಗಲಿಲ್ಲ. ಕಣ್ಣು ಮುಚ್ಚಿಸಿ, ಗದ್ದ ಕಟ್ಟಿ, ಕೈ ನೇರ ಮಾಡಿದೆ. ಹೊತ್ತು ನೋಡಿ ಚೀಟಿಯಲ್ಲಿ ಬರೆದಿಟ್ಟೆ.

ತಂತಿ ಹೋಗಿ ಪಾದ್ರಿಗಳು ಸಂಜೆಯ ರೈಲಿಗೆ ಒಬ್ಬರೇ ಬಂದರು. ಒಳಗೆ ಸಭೆಯ ಹೆಂಗಸರು ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ಪಾದ್ರಿಗಳು ನನ್ನನ್ನು ಜಗುಲಿಗೆ ಕರೆದರು. ಜನ ಆಡಿಕೊಳ್ಳುತ್ತಿದ್ದಾರಮ್ಮ ಎಂದರು. ಅದು ನನಗೂ ಗೊತ್ತಿತ್ತು. ವಯಸ್ಸಿನಲ್ಲಿ ಯಾವನದೋ ಸಹವಾಸವಿತ್ತು, ಒಂದು ಮಗು ಹೆತ್ತು ಎಲ್ಲೋ ಬಿಟ್ಟಿದ್ದಾರೆ, ಅದಕ್ಕೇ ಪ್ರಭುಭೋಜನಕ್ಕೆ ಏಳುತ್ತಿರಲಿಲ್ಲ ಎಂದು ಬೇಕರಿಯ ಹತ್ತಿರ ಒಬ್ಬರು ಹೇಳಿದ್ದನ್ನು ನನ್ನ ಕಿವಿಯಿಂದಲೇ ಕೇಳಿದ್ದೆ. ಪಾದ್ರಿಗಳು ನಾಳೆ ಸಮಾಧಿಯ ಹತ್ತಿರ ಒಂದು ಮಾತು ಹೇಳಿ ಆ ಬಾಯಿಗಳನ್ನು ಮುಚ್ಚಿಸಬೇಕೆಂದಿದ್ದೇನೆ, ಆದರೆ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ ಎಂದರು. ಅವರು ಚಿಕ್ಕ ವಯಸ್ಸಿನವರು. ಕಣ್ಣು ಕೆಂಪಾಗಿತ್ತು.

“ನೀವು ಇಷ್ಟು ವರ್ಷ ಜೊತೆಗಿದ್ದಿರಿ. ಏನಾದರೂ ಗೊತ್ತಿದ್ದರೆ ಹೇಳಿ. ಅವರಿಗಾಗಿ ಕೇಳುತ್ತಿದ್ದೇನೆ.”

ಯಜಮಾನರಿಗೆ ಇನ್ನೂ ಏಳು ತಿಂಗಳು ಮೇಲೆ ಕೆಲವು ದಿನ ಇತ್ತು.

“ನಂಗೇನೂ ಗೊತ್ತಿಲ್ಲ ಅಯ್ಯ,” ಎಂದೆ.

ಅವರು ನಂಬಿದರು. ಒಳಗಿನಿಂದ ಹೆಂಗಸೊಬ್ಬರು ನೀರು ಕಾದಿದೆ, ಬನ್ನಿ ಎಂದು ಕರೆದರು. ನಾನು ಹೋಗಿ ನರ್ಸಮ್ಮನ ತೋಳು ಹಿಡಿದುಕೊಂಡೆ, ಆ ಹೆಂಗಸರು ನೀರು ಹಾಕಿದರು.